ರಕ್ತಭೇದಿಗೆ ಔಷಧಿ ಮುಗಿದ ಮೇಲೆ: ಕೋಳಿಮರಿಗಳ ಚೇತರಿಕೆಯ ಕಾಲಕ್ರಮ

ಕೋಳಿಮರಿಗಳ ರಕ್ತಭೇದಿಯ, ಅಂದರೆ ಕಾಕ್ಸಿಡಿಯೋಸಿಸ್‌ನ, ಚಿಕಿತ್ಸೆಯ ಮಾತು ಸಾಮಾನ್ಯವಾಗಿ ಎಷ್ಟು ನೀರಿಗೆ ಎಷ್ಟು ಪುಡಿ, ಎಷ್ಟು ದಿನ ಎಂಬಲ್ಲಿಗೆ ನಿಂತುಬಿಡುತ್ತದೆ. ಸಾಕುವವರ ನಿಜವಾದ ಕಷ್ಟ ಶುರುವಾಗುವುದು ಅದರ ಮರುದಿನದಿಂದ. ಹಿಕ್ಕೆಯಲ್ಲಿ ರಕ್ತ ನಿಂತರೂ ಮರಿಗಳು ರೆಕ್ಕೆ ಜೋತುಬಿಟ್ಟು ತೂಕಡಿಸುತ್ತವೆ, ಆಹಾರ ಕೆದಕುತ್ತವೆಯೇ ಹೊರತು ತಿನ್ನುವುದಿಲ್ಲ. ಕೆಲವು ಇನ್ನೇನು ಉಳಿದವು ಅನ್ನುವಾಗ ಸಾಯುತ್ತವೆ. ಬದುಕಿದವು ಜೊತೆಯ ಮರಿಗಳಿಗಿಂತ ಗಿಡ್ಡವಾಗಿಯೇ ಉಳಿಯುತ್ತವೆ. ರೋಗ ಕಣ್ಣಿಗೆ ಬಿದ್ದ ಮರಿಯ ಮಟ್ಟಿಗೆ ಔಷಧಿಗಿಂತ ನಂತರದ ಹತ್ತು-ಹದಿನೈದು ದಿನಗಳ ಆರೈಕೆಯೇ ನಿರ್ಣಾಯಕ ಎಂಬುದು ಈ ಲೇಖನದ ವಾದ. ಆ ಆರೈಕೆಯ ಹೊತ್ತು-ಗೊತ್ತನ್ನು ಪರಾವಲಂಬಿಯ ಜೀವನಚಕ್ರದಿಂದಲೇ ಲೆಕ್ಕಹಾಕಬಹುದು.

ರೋಗಕ್ಕೆ ಕಾರಣ ಐಮೀರಿಯಾ ಎಂಬ ಏಕಕೋಶ ಜೀವಿ. ಕೋಳಿಯಲ್ಲಿ ಇದರ ಏಳು ಪ್ರಭೇದಗಳನ್ನು ಬಹುಕಾಲದಿಂದ ಗುರುತಿಸಲಾಗಿದೆ. ಒಂದೊಂದಕ್ಕೂ ಕರುಳಿನಲ್ಲಿ ತನ್ನದೇ ಜಾಗವಿದೆ. ಐಮೀರಿಯಾ ಅಸರ್ವುಲಿನಾ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಬಿಳಿ ಗೆರೆಗಳನ್ನು ಎಬ್ಬಿಸುತ್ತದೆ, ಮ್ಯಾಕ್ಸಿಮಾ ಮತ್ತು ನೆಕಾಟ್ರಿಕ್ಸ್ ನಡುಭಾಗವನ್ನು ಕೆಡಿಸುತ್ತವೆ, ಟೆನೆಲ್ಲಾ ಜೋಡಿ ಕುರುಡುಗರುಳುಗಳಲ್ಲಿ ನೆಲೆಸುತ್ತದೆ. ರೈತರು ರಕ್ತಭೇದಿ ಎಂದು ಗುರುತಿಸುವುದು ಹೆಚ್ಚಾಗಿ ಈ ಟೆನೆಲ್ಲಾ ತಂದ ರೋಗವನ್ನು. ಹಿಕ್ಕೆಯೊಡನೆ ಹೊರಬರುವ, ಇದರ ಮೊಟ್ಟೆಯಂಥ ಊಸಿಸ್ಟ್‌ಗಳಿಗೆ ತೇವ, ಗಾಳಿ, ಬೆಚ್ಚಗಿನ ಹವೆ ಸಿಕ್ಕರೆ ಒಂದೆರಡು ದಿನಗಳಲ್ಲೇ ಸೋಂಕು ತರುವ ಶಕ್ತಿ ಬರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಭತ್ತದ ಹೊಟ್ಟಿನ ಹಾಸು ಹಸಿಯಾಗಿಯೇ ಇರುವಾಗ ಈ ಮೂರೂ ಒಟ್ಟಿಗೆ ಒದಗುತ್ತವೆ.

ಮರಿ ಊಸಿಸ್ಟ್ ನುಂಗಿದ ಮೇಲೆ ಟೆನೆಲ್ಲಾ ಕುರುಡುಗರುಳಿನ ಒಳಪೊರೆಯ ಕೋಶಗಳಲ್ಲಿ ಒಂದು ಪೀಳಿಗೆ ಬೆಳೆದು ಒಡೆಯುತ್ತದೆ. ಎರಡನೆಯ ಪೀಳಿಗೆ ಇನ್ನೂ ಆಳಕ್ಕಿಳಿದು, ದೊಡ್ಡದಾಗಿ ಬೆಳೆದು, ಸರಿಸುಮಾರು ಐದನೆಯ ದಿನಕ್ಕೆ ಒಡೆಯುವಾಗ ರಕ್ತನಾಳಗಳೂ ಹರಿಯುತ್ತವೆ. ಸಾವು ಹೆಚ್ಚಾಗಿ ಸಂಭವಿಸುವುದು ಐದು-ಆರನೆಯ ದಿನ. ಏಳನೆಯ ದಿನದ ಹೊತ್ತಿಗೆ ಹೊಸ ಊಸಿಸ್ಟ್‌ಗಳು ಹಿಕ್ಕೆಯಲ್ಲಿ ಕಾಣಿಸಿಕೊಳ್ಳುತ್ತವೆ. ಮತ್ತೆ ಸೋಂಕು ತಗುಲದಿದ್ದರೆ ಈ ಚಕ್ರ ತನ್ನಷ್ಟಕ್ಕೆ ತಾನೇ ಮುಗಿಯುತ್ತದೆ. ನಮ್ಮಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆಂಪ್ರೋಲಿಯಂ ಮುಖ್ಯವಾಗಿ ಮೊದಲ ಪೀಳಿಗೆಯ ಮೇಲೆ ಕೆಲಸ ಮಾಡುವ ಔಷಧಿ. ಸಾಕುವವರ ಕಣ್ಣಿಗೆ ರಕ್ತ ಬೀಳುವ ಹೊತ್ತಿಗೆ ಆ ಮರಿಯಲ್ಲಿ ಮೊದಲ ಪೀಳಿಗೆಯ ಕಾಲ ಕಳೆದುಹೋಗಿರುತ್ತದೆ, ಹಾನಿಯೂ ಆಗಿಹೋಗಿರುತ್ತದೆ. ಹಾಗಾದರೆ ಔಷಧಿ ವ್ಯರ್ಥವೇ? ಖಂಡಿತ ಇಲ್ಲ. ಅದೇ ಹಿಂಡಿನಲ್ಲಿ ನಿನ್ನೆ ಮೊನ್ನೆ ಸೋಂಕು ತಗುಲಿ ಇನ್ನೂ ಲವಲವಿಕೆಯಿಂದಿರುವ ಮರಿಗಳನ್ನು ಅದು ಉಳಿಸುತ್ತದೆ. ಆದರೆ ರಕ್ತ ಸುರಿಸಿ ಮೂಲೆ ಹಿಡಿದ ಮರಿಗೆ ಬೇಕಾದುದು ಬೇರೆ: ಕಾವು, ನೀರು, ರಕ್ತ ಹೆಪ್ಪುಗಟ್ಟುವ ಶಕ್ತಿ, ಕರುಳಿನ ಒಳಪೊರೆ ಮತ್ತೆ ಬೆಳೆಯಲು ಬೇಕಾದ ಸಾಮಗ್ರಿ.

ಇಲ್ಲಿ ನಮ್ಮ ರೂಢಿಯಲ್ಲಿ ಒಂದು ದೊಡ್ಡ ತೊಡಕಿದೆ. ಔಷಧಿ ಅಂಗಡಿಯಿಂದ ರಕ್ತಭೇದಿಯ ಪುಡಿ ತರುವಾಗ ಜೊತೆಗೊಂದು ಬಿ-ಕಾಂಪ್ಲೆಕ್ಸ್ ಟಾನಿಕ್ ಬಾಟಲಿಯೂ ಬರುತ್ತದೆ. ಎರಡನ್ನೂ ಒಂದೇ ಡ್ರಿಂಕರ್‌ಗೆ ಸುರಿಯುವುದನ್ನು ಊರೂರಲ್ಲೂ ಕಾಣಬಹುದು. ಮರಿಗೆ ಬಲ ಬರಲಿ ಎಂಬ ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಆಂಪ್ರೋಲಿಯಂ ರಚನೆಯಲ್ಲಿ ಥಯಮಿನ್ ಅನ್ನು, ಅಂದರೆ ಬಿ1 ಜೀವಸತ್ವವನ್ನು, ಹೋಲುವ ವಸ್ತು. ಪರಾವಲಂಬಿ ಥಯಮಿನ್ ಒಳಗೆಳೆದುಕೊಳ್ಳುವ ದಾರಿಯನ್ನು ಕಟ್ಟಿ ಅದನ್ನು ಸೊರಗಿಸುವುದೇ ಇದರ ಕೆಲಸ. ಕೋಳಿಯ ಕರುಳಿಗಿಂತ ಪರಾವಲಂಬಿ ಈ ತಡೆಗೆ ಹೆಚ್ಚು ಸುಲಭವಾಗಿ ಸಿಕ್ಕಿಬೀಳುತ್ತದೆ. ಔಷಧಿ ಮರಿಗೆ ಸುರಕ್ಷಿತವಾಗಿರುವುದು ಆ ಅಂತರದಿಂದ. ನೀರಿನಲ್ಲಿ ಥಯಮಿನ್ ಧಾರಾಳವಾಗಿ ಬೆರೆತರೆ ಆ ಅಂತರ ಅಳಿಸಿಹೋಗಿ ಪರಾವಲಂಬಿಗೂ ಪೋಷಣೆ ಸಿಗುತ್ತದೆ. ಮಾಮೂಲಿ ಆಹಾರದಲ್ಲಿರುವ ಥಯಮಿನ್‌ನಿಂದ ಬಾಧೆಯಿಲ್ಲ, ಟಾನಿಕ್‌ನಿಂದ ಉಂಟು. ಆದ್ದರಿಂದ ಶೇ. 0.012ರಿಂದ 0.024ರ ಪೂರ್ತಿ ಪ್ರಮಾಣ ನಡೆಯುವ ಮೂರರಿಂದ ಐದು ದಿನಗಳಲ್ಲೂ, ನಂತರ ಒಂದೆರಡು ವಾರ ಕೊಡುವ ಶೇ. 0.006ರ ಪ್ರಮಾಣದ ಅವಧಿಯಲ್ಲೂ ಬಿ-ಕಾಂಪ್ಲೆಕ್ಸ್ ಬಾಟಲಿಯನ್ನು ಮುಟ್ಟಬಾರದು. ಔಷಧಿ ಪೂರ್ತಿ ನಿಂತ ಮರುದಿನದಿಂದ ಅದು ಬೇಕೇ ಬೇಕು. ಔಷಧಿ ಅಳತೆ ಮೀರಿದ್ದರೆ, ಇಲ್ಲವೇ ಬಹಳ ದಿನ ನಡೆದಿದ್ದರೆ ಮರಿ ಕತ್ತನ್ನು ಹಿಂದಕ್ಕೆ ಬಾಗಿಸಿ ಮೇಲೆ ನೋಡುತ್ತ ಕೂರುತ್ತದೆ. ಅದು ಥಯಮಿನ್ ಕೊರತೆಯ ಲಕ್ಷಣ, ಆಗ ಮಾತ್ರ ಔಷಧಿ ನಿಲ್ಲಿಸಿ ಕೂಡಲೇ ಥಯಮಿನ್ ಕೊಡಬೇಕಾಗುತ್ತದೆ.

ಎ ಮತ್ತು ಕೆ ಜೀವಸತ್ವಗಳಿಗೆ ಈ ಕಾಯುವಿಕೆ ಬೇಡ, ಮೊದಲ ದಿನದಿಂದಲೇ ಕೊಡಬಹುದು. ಸಲ್ಫಾ ಔಷಧಿ ಬಳಸಿದ್ದರಂತೂ ಕೆ ಜೀವಸತ್ವ ಅನಿವಾರ್ಯ: ಸಲ್ಫಾಕ್ವಿನಾಕ್ಸಲಿನ್ ಆ ಜೀವಸತ್ವದ ಕೆಲಸಕ್ಕೇ ಅಡ್ಡಬರುವುದರಿಂದ, ಮೊದಲೇ ರಕ್ತ ಸೋರುತ್ತಿರುವ ಮರಿಯಲ್ಲಿ ಹೆಪ್ಪುಗಟ್ಟುವಿಕೆ ಇನ್ನೂ ಕುಂದುತ್ತದೆ. ಎ ಜೀವಸತ್ವ ಒಳಪೊರೆಯ ಮರುಹುಟ್ಟಿಗೆ ಬೇಕು. ಸಣ್ಣ ಕರುಳು ಕೆಟ್ಟಾಗ ಕೊಬ್ಬಿನಲ್ಲಿ ಕರಗುವ ವಸ್ತುಗಳನ್ನು ಹೀರುವ ಶಕ್ತಿಯೇ ಇಳಿಯುತ್ತದೆ. ಹಳದಿ ಕಾಲಿನ ತಳಿಗಳಲ್ಲಿ ಕಾಲು ಬಿಳಿಚಿಕೊಳ್ಳುವುದು ಇದರಿಂದ. ನುಗ್ಗೆಸೊಪ್ಪು ಹೆಚ್ಚಿ ಹಾಕುವುದು ಒಳ್ಳೆಯ ಪದ್ಧತಿ, ಆದರೆ ಮೊದಲ ದಿನಗಳಲ್ಲಿ ಅದೊಂದನ್ನೇ ನಂಬಿ ಕೂರುವಂತಿಲ್ಲ. ನೀರಿನಲ್ಲಿ ಬೆರೆಯುವ ಎ ಜೀವಸತ್ವದ ಹನಿಗಳು ಆ ಹೊತ್ತಿಗೆ ಹೆಚ್ಚು ಭರವಸೆಯವು.

ಕಾವಿನ ವಿಷಯ ಸಣ್ಣದೆನಿಸಿದರೂ ಸಾವು-ಬದುಕಿನದು. ರೋಗ ಹೆಚ್ಚಾಗಿ ಬರುವುದು ಮೂರರಿಂದ ಆರು ವಾರದ ಮರಿಗಳಿಗೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದ ಬ್ರೂಡರ್‌ನ ಕಾವನ್ನು ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಬಂದು, ಬಲ್ಬು ತೆಗೆದಿಡುವ ಕಾಲವೂ ಅದೇ. ರಕ್ತ ಕಳೆದುಕೊಂಡು, ಹೊಟ್ಟೆಗೆ ತಿನ್ನದೆ ಇರುವ ಮರಿ ತನ್ನ ಮೈಶಾಖವನ್ನು ಕಾಯ್ದುಕೊಳ್ಳಲಾರದು. ಬಲ್ಬನ್ನು ಮತ್ತೆ ಹಚ್ಚಬೇಕು, ಗೂಡಿನ ಒಂದು ಬದಿಗೆ ಮಾತ್ರ. ಬೇಕಾದ ಮರಿ ಹತ್ತಿರ ಬರಲಿ, ಸೆಕೆಯಾದದ್ದು ದೂರ ಸರಿಯಲಿ. ಬಲಹೀನ ಮರಿಗಳನ್ನು ಬೇರೆ ಮಾಡುವಾಗ ಒಂಟಿಯಾಗಿ ಇಡುವುದು ತಪ್ಪು. ಎರಡು ಮೂರನ್ನು ಜೊತೆಗಿಟ್ಟರೆ ಒಂದರ ಮೈಬಿಸಿ ಇನ್ನೊಂದಕ್ಕೆ ಸಿಗುತ್ತದೆ, ಒಂದು ಕುಕ್ಕುವುದನ್ನು ನೋಡಿ ಇನ್ನೊಂದೂ ಕುಕ್ಕುತ್ತದೆ.

ಆಹಾರದಲ್ಲಿ ನಮ್ಮ ಮನೆಗಳ ಸಹಜ ಪ್ರವೃತ್ತಿ ಹಗುರವಾದದ್ದನ್ನು ಕೊಡುವುದು: ಬರೀ ಅಕ್ಕಿ ನುಚ್ಚು, ಬೆಲ್ಲದ ನೀರು. ಒಂದು ದಿನಕ್ಕೆ ಇದು ಸರಿ. ಬೆಲ್ಲದ ನೀರು ಮುಂದುವರಿದರೆ ಹಿಕ್ಕೆ ತೆಳ್ಳಗಾಗಿ ಹಾಸು ಇನ್ನೂ ಹಸಿಯಾಗುತ್ತದೆ. ನುಚ್ಚೊಂದರಲ್ಲೇ ದಿನ ತಳ್ಳಿದರೆ, ಹೊಸ ಒಳಪೊರೆಗೂ ಹೊಸ ರಕ್ತಕ್ಕೂ ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? ಎಳೆಮರಿಯ ಕರುಳಿನ ಒಳಪೊರೆ ಆರೋಗ್ಯದಲ್ಲಿ ಮೂರು-ನಾಲ್ಕು ದಿನಕ್ಕೊಮ್ಮೆ ಪೂರ್ತಿ ಹೊಸದಾಗುವಷ್ಟು ಚುರುಕಿನದು. ರೋಗದ ನಂತರವೂ ಆ ಚುರುಕು ಉಳಿದಿರುತ್ತದೆ, ಕೊರತೆ ಬೀಳುವುದು ಸಾಮಗ್ರಿಗೆ. ಶೇ. 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಆಹಾರವನ್ನೇ ಸ್ವಲ್ಪ ನೀರು ಚಿಮುಕಿಸಿ, ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ನಾಲ್ಕೈದು ಬಾರಿ ಕೊಟ್ಟು ಉಳಿದದ್ದನ್ನು ಹುಳಿಯುವ ಮೊದಲೇ ತೆಗೆಯುವುದು ಮೇಲು. ಮೀನುಪುಡಿ ಈ ಹೊತ್ತಿನಲ್ಲಿ ಬೇಡ: ಐಮೀರಿಯಾ ಕೆಡಿಸಿದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ಕರುಳು ಕೊಳೆಯುವ ರೋಗ ತರುವುದುಂಟು, ಪ್ರಾಣಿಜನ್ಯ ಪ್ರೋಟೀನ್ ಅದಕ್ಕೆ ಅನುಕೂಲ. ಕೊಂಡ ಆಹಾರದಲ್ಲಿ ಸ್ಯಾಲಿನೋಮೈಸಿನ್ ಅಥವಾ ಮೊನೆನ್ಸಿನ್ ಬೆರೆತಿದ್ದರೆ, ಕೆಮ್ಮು-ನೆಗಡಿಗೆಂದು ಟಯಾಮುಲಿನ್ ಕೊಡುವುದು ಮರಿಗೆ ವಿಷವಾದೀತು. ಚೀಲದ ಚೀಟಿ ಓದದೆ ಎರಡನೆಯ ಔಷಧಿ ಕೊಡಬಾರದು.

ಚೇತರಿಕೆ ನಡೆದಿದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯವೇ ಬೇಕಿಲ್ಲ. ಸಂಜೆ ಮರಿಯನ್ನು ಕೈಗೆತ್ತಿಕೊಂಡು ಕೊರಳ ಬುಡದ ಮೇವುಚೀಲವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದರೆ ಸಾಕು. ತಿಂದ ಮರಿಯಲ್ಲಿ ಅದು ದುಂಡಗೆ, ಮೆತ್ತಗೆ ಸಿಗುತ್ತದೆ, ತಿನ್ನದ ಮರಿಯಲ್ಲಿ ಬರೀ ಚರ್ಮ. ಇನ್ನೊಂದು ಗುರುತು ಹಾಸಿನ ಮೇಲಿದೆ. ಆರೋಗ್ಯವಂತ ಮರಿ ಮಾಮೂಲಿ ಹಿಕ್ಕೆಯ ನಡುವೆ ಆಗಾಗ ಕಂದು ಬಣ್ಣದ, ಅಂಟಂಟಾದ, ನಾತ ಹೆಚ್ಚಿರುವ ಹಿಕ್ಕೆ ಹಾಕುತ್ತದೆ. ಅದು ಕುರುಡುಗರುಳಿನದು. ರೋಗದಲ್ಲಿ ಆ ಕರುಳು ಹೆಪ್ಪುಗಟ್ಟಿದ ರಕ್ತ ಮತ್ತು ಸತ್ತ ಪೊರೆ ಸೇರಿ ಗಟ್ಟಿಯಾದ, ಗಿಣ್ಣಿನಂಥ ತುಂಡಿನಿಂದ ತುಂಬಿಹೋಗಿರುತ್ತದೆ. ಕೆಲ ದಿನಗಳ ಮೇಲೆ ಆ ತುಂಡು ಹೊರಬೀಳುತ್ತದೆ. ಮತ್ತೆ ಕಂದು ಹಿಕ್ಕೆ ಕಾಣತೊಡಗಿತೆಂದರೆ ಆ ಭಾಗ ಕೆಲಸಕ್ಕೆ ಮರಳಿತೆಂದು ತಿಳಿಯಬಹುದು. ಇದನ್ನೇ ಭೇದಿ ಎಂದು ತಿಳಿದು ಔಷಧಿಯನ್ನು ಮತ್ತೆ ಶುರುಮಾಡುವವರಿದ್ದಾರೆ, ಅದರ ಅಗತ್ಯವಿಲ್ಲ.

ಹಾಸಿನ ಬಗ್ಗೆ ನನ್ನ ನಿಲುವು ರೂಢಿಯ ಸಲಹೆಗಿಂತ ಸ್ವಲ್ಪ ಬೇರೆ. ರೋಗ ಬಂದೊಡನೆ ಹಾಸನ್ನೆಲ್ಲ ಎಸೆದು, ನೆಲ ತೊಳೆದು, ಫಿನಾಯಿಲ್ ಹಾಕುವುದು ಸಾಮಾನ್ಯ. ಊಸಿಸ್ಟ್‌ಗಳು ಮಾಮೂಲಿ ಸೋಂಕುನಾಶಕಗಳಿಗೆ ಬಗ್ಗುವುದಿಲ್ಲ. ತೊಳೆದ ನೆಲದ ತೇವ ಉಳಿದವುಗಳಿಗೆ ಉಪಕಾರವನ್ನೇ ಮಾಡುತ್ತದೆ. ಅದಕ್ಕಿಂತ ಮುಖ್ಯವಾದುದು ರೋಗನಿರೋಧಕ ಶಕ್ತಿಯ ಪ್ರಶ್ನೆ. ಐಮೀರಿಯಾ ವಿರುದ್ಧದ ರಕ್ಷಣೆ ಬೆಳೆಯುವುದು ಸಣ್ಣ ಸಣ್ಣ ಸೋಂಕುಗಳು ಮರಳಿ ಮರಳಿ ತಗುಲಿದಾಗ. ಅಮೆರಿಕದ ಆಬರ್ನ್‌ನಲ್ಲಿ ಎಡ್ಗರ್ ಅವರ ಸಂಶೋಧನೆಯಿಂದ 1952ರಲ್ಲಿ ಮಾರುಕಟ್ಟೆಗೆ ಬಂದ ಜೀವಂತ ಲಸಿಕೆಯ ತತ್ವವೂ ಇದೇ. ಮ್ಯಾಕ್ಸಿಮಾಕ್ಕೆ ಒಂದು ಹಗುರ ಸೋಂಕೇ ಗಟ್ಟಿ ರಕ್ಷಣೆ ಕೊಡುತ್ತದೆ, ಟೆನೆಲ್ಲಾ ಮತ್ತು ನೆಕಾಟ್ರಿಕ್ಸ್‌ಗೆ ಹಲವು ಬೇಕು; ಒಂದರ ರಕ್ಷಣೆ ಇನ್ನೊಂದಕ್ಕೆ ಒದಗುವುದಿಲ್ಲ. ಹೀಗಾಗಿ ಡ್ರಿಂಕರ್‌ನ ಸುತ್ತ ಗಡ್ಡೆಕಟ್ಟಿದ ಹಸಿ ಹಾಸನ್ನು ತೆಗೆದು ಒಣ ಹೊಟ್ಟು ಹರಡಿ, ದಿನವೂ ಮಗುಚಿ, ಡ್ರಿಂಕರನ್ನು ಮರಿಯ ಬೆನ್ನಿನ ಮಟ್ಟಕ್ಕೆ ಎತ್ತರಿಸುವುದು ಸಾಕು. ಸೋಂಕಿನ ಹೊರೆ ಇಳಿಯುತ್ತದೆ, ಪೂರ್ತಿ ಅಳಿಯುವುದಿಲ್ಲ. ನಮಗೆ ಬೇಕಾದುದೂ ಅಷ್ಟೇ. ಔಷಧಿ ನಿಂತ ಆರು-ಏಳನೆಯ ದಿನ ಹಿಕ್ಕೆಯನ್ನು ವಿಶೇಷವಾಗಿ ಗಮನಿಸಬೇಕು. ಔಷಧಿ ನಿಂತೊಡನೆ ತಗುಲಿದ ಸೋಂಕಿನ ಒಂದು ಚಕ್ರ ಸುತ್ತಿಬರುವುದು ಆಗ.

ಗಿರಿರಾಜದಂಥ ಹಿತ್ತಲ ಸಾಕಣೆಯ ತಳಿಗಳ ಮರಿಗಳಲ್ಲಿ ರಕ್ತಭೇದಿ ಬರುವ ಈ ವಯಸ್ಸು ಲಸಿಕೆಗಳ ಕಾಲವೂ ಹೌದು. ರಕ್ತಭೇದಿಯಿಂದ ನಲುಗಿದ ಹಿಂಡಿಗೆ ತಾರೀಖು ಬಂತೆಂದು ಲಸಿಕೆ ಹಾಕಿಸುವುದಕ್ಕಿಂತ, ಮರಿಗಳು ಹೊಟ್ಟೆತುಂಬ ತಿನ್ನತೊಡಗಿದ ಮೇಲೆ ಪಶುವೈದ್ಯರನ್ನು ಕೇಳಿ ಹಾಕಿಸುವುದು ಒಳ್ಳೆಯದು. ಕಾವು, ಆಹಾರ, ಒಣ ಹಾಸು ಎಲ್ಲ ಸರಿಯಿದ್ದೂ ಎರಡು ವಾರದಲ್ಲಿ ಹಿಂಡು ಎದ್ದುನಿಲ್ಲದಿದ್ದರೆ, ಇಲ್ಲವೇ ರಕ್ತ ಮರುಕಳಿಸಿದರೆ, ಮತ್ತೊಂದು ಸುತ್ತು ಆಂಪ್ರೋಲಿಯಂ ಕೊಡುವ ಮೊದಲು ಸತ್ತ ಮರಿಯೊಂದನ್ನು ತೆರೆಸಿ ನೋಡಬೇಕು. ಗುಂಬೊರೊ ರೋಗ ಇದೇ ವಯಸ್ಸಿನ ಮರಿಗಳ ನಿರೋಧಕ ಶಕ್ತಿಯನ್ನೇ ಕುಗ್ಗಿಸಿ ರಕ್ತಭೇದಿಯನ್ನು ಉಲ್ಬಣಗೊಳಿಸುತ್ತದೆ. ಗುದದ್ವಾರದ ಮೇಲ್ಗಡೆಯ ಬರ್ಸಾ ಗ್ರಂಥಿ ಊದಿಕೊಂಡಿದೆಯೇ, ಸೊರಗಿದೆಯೇ ಎಂದು ಕುರುಡುಗರುಳಿನ ಜೊತೆಗೇ ಪರೀಕ್ಷಿಸುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು.