ಸುಸ್ತಾದ ಯೀಸ್ಟು, ಕೆಲಸ ಮುಗಿಸಿದ ‘ಕೊಳೆ’

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳ ಅನುಭವಗಳನ್ನು ಓದೋದು ನನ್ನ ಇತ್ತೀಚಿನ ಹುಚ್ಚು. ಗಾಬರಿಯಾಗಬೇಡಿ, ಬರೀ ಓದೋದು :) ಖಡಕ್ ಬಿಯರ್ ಮಾಡಲು ಹೊರಟವರಿಗೆಲ್ಲ ಒಂದೇ ತಲೆನೋವು, ಯೀಸ್ಟು ಅರ್ಧ ದಾರಿಯಲ್ಲೇ ಕೈಕೊಡುತ್ತೆ. ಈ ತಲೆನೋವಿನ ಹಿಂದೆ ಒಂದು ಸೊಗಸಾದ ಚರಿತ್ರೆ ಇದೆ.

ಮೊದಲು ಲೆಕ್ಕ. ನೀರಿನ ಸಾಂದ್ರತೆ 1.000 ಅಂದರೆ, ಮೊಳಕೆ ಬರಿಸಿದ ಬಾರ್ಲಿಯಿಂದ ತೆಗೆದ ಸಿಹಿ ರಸದ್ದು ಸಾಧಾರಣ ಬಿಯರಿಗೆ 1.040ರ ಆಸುಪಾಸು. ಖಡಕ್ ಬಿಯರಿಗೆ 1.100 ಇರಬಹುದು. ಅದು ಹುದುಗಿ 1.025ಕ್ಕೆ ಇಳಿದರೆ ಸುಮಾರು ಶೇ. 10ರಷ್ಟು ಆಲ್ಕೋಹಾಲ್. 1.040ಕ್ಕೇ ನಿಂತುಬಿಟ್ಟರೆ? ಪಾನಕದ ಹಾಗೆ ಅಂಟಂಟು.

ಯಾಕೆ ನಿಲ್ಲುತ್ತೆ? ಉಪ್ಪು ಮಾವಿನಕಾಯಿಯ ನೀರನ್ನು ಎಳೆಯುವ ಹಾಗೆ, ಅಷ್ಟೊಂದು ಸಕ್ಕರೆ ಯೀಸ್ಟಿನ ಕೋಶದಿಂದ ನೀರೆಳೆಯುತ್ತೆ. ಆಮೇಲೆ ಅದೇ ತಯಾರಿಸಿದ ಆಲ್ಕೋಹಾಲು ಅದರದೇ ಕೋಶದ ಪೊರೆಯನ್ನು ಕೆಡಿಸುತ್ತೆ. ಪೊರೆ ಗಟ್ಟಿಯಾಗಿರಲು ಬೇಕಾದ ಕೊಬ್ಬಿನಂಥ ವಸ್ತುಗಳನ್ನು ಆಮ್ಲಜನಕವಿಲ್ಲದೆ ಯೀಸ್ಟು ತಯಾರಿಸಿಕೊಳ್ಳಲಾರದು ಅಂತ ಆಂಡ್ರಿಯಾಸೆನ್ ಮತ್ತು ಸ್ಟಿಯರ್ ತೋರಿಸಿದ್ದು 1953-54ರಲ್ಲಿ. ಹುದುಗುವ ರಸವನ್ನು ಆಗಾಗ ಕಲಕುತ್ತಿದ್ದ ಹಳೆಯ ಬಿಯರ್ ತಯಾರಕರಿಗೆ ಕಾರಣ ಗೊತ್ತಿರಲಿಲ್ಲ, ಉಪಾಯ ಗೊತ್ತಿತ್ತು!

ಈಗ ಕಥೆಗೆ ಬರೋಣ. ಆಗೆಲ್ಲ ಹಿಂದಿನ ಸಲದ ಬಿಯರಿನ ಯೀಸ್ಟನ್ನೇ ಮುಂದಿನದಕ್ಕೆ ಹಾಕುತ್ತಿದ್ದರು, ನಾವು ಹಾಲಿಗೆ ಹೆಪ್ಪು ಹಾಕುವಂತೆ. ಆ ಹೆಪ್ಪಿನಲ್ಲಿ ಯಾರ್ಯಾರಿದ್ದರೋ ಯಾರಿಗೂ ಗೊತ್ತಿಲ್ಲ. ಬಿಯರ್ ಕೆಡಲು ಸೂಕ್ಷ್ಮಜೀವಿಗಳೇ ಕಾರಣ ಅಂತ 1876ರ ತಮ್ಮ ಪುಸ್ತಕದಲ್ಲಿ ಪಾಶ್ಚರ್ ವಿವರಿಸಿದರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕಾಡು ಯೀಸ್ಟುಗಳೂ ಬಿಯರನ್ನು ಕೆಡಿಸುತ್ತವೆ ಅಂತ ಕಂಡುಕೊಂಡು, ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟು ಬೆಳೆಸಿದರು. ಕಂಪನಿಯವರು ಅದನ್ನು ಗುಟ್ಟಾಗಿಡದೆ ಬೇರೆಯವರಿಗೂ ಕೊಟ್ಟರು. ಲಾಗರ್ ಮಾಡುವವರು ಖುಷಿಯಿಂದ ಒಪ್ಪಿಕೊಂಡರು.

ಆದರೆ ಇಂಗ್ಲೆಂಡಿನಲ್ಲಿ ಪೇಚಾಟ ಶುರುವಾಯಿತು. ಅಲ್ಲಿ ತಿಂಗಳುಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು ಮಾಗಿಸುವ ಖಡಕ್ ಬಿಯರುಗಳಿದ್ದವು. ಶುದ್ಧ ಯೀಸ್ಟು ಮೊದಲ ಹುದುಗನ್ನೇನೋ ಚೆನ್ನಾಗಿ ಮಾಡುತ್ತಿತ್ತು. ಆಮೇಲೆ ಪೀಪಾಯಿಯಲ್ಲಿ ನಿಧಾನವಾಗಿ ಆಗಬೇಕಾದ ಎರಡನೇ ಹುದುಗು ಮಾತ್ರ ಬರುತ್ತಲೇ ಇರಲಿಲ್ಲ. ಹಳೆಯ ರುಚಿಯೂ ಇಲ್ಲ.

ಉತ್ತರ ಸಿಕ್ಕಿದ್ದೂ ಕಾರ್ಲ್ಸ್‌ಬರ್ಗಿನಲ್ಲೇ. ನೀಲ್ಸ್ ಹ್ಯೆಲ್ಟೆ ಕ್ಲಾಸೆನ್ ಇಂಗ್ಲಿಷ್ ಬಿಯರುಗಳಲ್ಲಿ ಇನ್ನೊಂದು ಬಗೆಯ ಯೀಸ್ಟನ್ನು ಪತ್ತೆಮಾಡಿ, 1904ರಲ್ಲಿ ಪ್ರಕಟಿಸಿದರು. ಹೆಸರು ಬ್ರೆಟನೋಮೈಸಿಸ್, ಅಂದರೆ ‘ಬ್ರಿಟಿಷ್ ಶಿಲೀಂಧ್ರ’. ಮಾಮೂಲಿ ಯೀಸ್ಟು ಮುಟ್ಟದೆ ಬಿಟ್ಟ ಡೆಕ್ಸ್‌ಟ್ರಿನ್‌ಗಳನ್ನು ಇದು ಒಡೆದು ತಿನ್ನಬಲ್ಲದು. ಆತುರವಿಲ್ಲ, ತಿಂಗಳುಗಟ್ಟಲೆ ತಿನ್ನುತ್ತಿರುತ್ತೆ. ಪೀಪಾಯಿಯ ಮರದ ಸಂದುಗಳಲ್ಲೇ ಇದು ಬದುಕಿಕೊಂಡಿರಬಲ್ಲದು. ಹೊಲಸು ಅಂತ ಹೊರಗೆ ಹಾಕಿದ್ದ ಗುಂಪಿನಲ್ಲೇ ಕೆಲಸ ಮುಗಿಸುವವನೂ ಇದ್ದ!

ನನಗೆ ತುಂಬಾ ಇಷ್ಟವಾಗಿದ್ದು ಇದರ ಮುಂದಿನದು. ಕ್ಲಾಸೆನ್ ‘ಹಳೆಯದೇ ಸರಿ, ಹಾನ್ಸೆನ್ ತಪ್ಪು’ ಅನ್ನಲಿಲ್ಲ. ಹಾನ್ಸೆನ್ನರ ವಿಧಾನದಲ್ಲೇ ಈ ‘ಕೊಳೆ’ಯನ್ನೂ ಶುದ್ಧವಾಗಿ ಬೆಳೆಸಿ, ಮೊದಲ ಹುದುಗು ಮುಗಿದ ಮೇಲೆ ಬೇಕಂತಲೇ ಸೇರಿಸಿ ಅಂದರು. ಹಳಬರನ್ನು ಹೊಗಳುವವರು, ಜರೆಯುವವರು ಇಬ್ಬರೂ ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಳಬರ ಕೆಲಸದಲ್ಲಿ ಏನಿತ್ತು ಅಂತ ಬಿಡಿಸಿ ನೋಡುವವರು ಕಮ್ಮಿ.

ದುರದೃಷ್ಟಕ್ಕೆ ಆ ಬಿಯರುಗಳಿಗೇ ಕಾಲ ಮುಗಿದಿತ್ತು. ಮೊದಲ ಮಹಾಯುದ್ಧದ ತೆರಿಗೆ, ಧಾನ್ಯದ ಅಭಾವಗಳಿಂದಾಗಿ ಬ್ರಿಟಿಷ್ ಬಿಯರಿನ ಸರಾಸರಿ ಸಾಂದ್ರತೆ ಸುಮಾರು 1.050ರಿಂದ 1918ರ ಹೊತ್ತಿಗೆ 1.030ರ ಹತ್ತಿರಕ್ಕೆ ಕುಸಿಯಿತು. ವೈನ್ ಮಾಡುವವರಿಗೆ ಬ್ರೆಟನೋಮೈಸಿಸ್ ಇವತ್ತಿಗೂ ಶನಿ. ಬೆಲ್ಜಿಯಂನ ಓರ್ವಾಲ್ ಮಠದ ಬಿಯರಿಗೆ, ಲ್ಯಾಂಬಿಕ್‌ಗೆ ಮಾತ್ರ ಅದೇ ಜೀವಾಳ.

ಈಗಿನ ಹವ್ಯಾಸಿಗಳು ಮೊದಲೇ ಬೇಕಾದಷ್ಟು ಯೀಸ್ಟು ಬೆಳೆಸಿಟ್ಟುಕೊಂಡು, ಆರಂಭದಲ್ಲೇ ಆಮ್ಲಜನಕ ಊದಿ ಗೆಲ್ಲುತ್ತಾರೆ. ಕೆಲವರು ಕೊನೆಗೆ ಬ್ರೆಟನೋಮೈಸಿಸ್ ಸೇರಿಸಿ ಕಾಯುತ್ತಾರೆ, ಕ್ಲಾಸೆನ್ ಹೇಳಿದ ಹಾಗೇ.

ಅಂದಹಾಗೆ, ನಿಮ್ಮ ಮನೆಯ ಹೆಪ್ಪು ಎಷ್ಟು ವರ್ಷದ್ದು? ಗೊತ್ತಿದ್ದರೆ ಬರೆಯಿರಿ.