ಸೀತಾಳೆ ಸಿಡುಬು: ಒಂದು ಲಸಿಕೆಯ ಕಥೆ

ಒಂದು ರೋಗಕ್ಕೆ ಜನರಿಟ್ಟ ಹೆಸರಿನಲ್ಲಿ ಅದರ ಅರ್ಧ ಚರಿತ್ರೆ ಅಡಗಿರುತ್ತದೆ. ಮಗುವಿನ ಮೈಮೇಲೆ ನೀರುಗುಳ್ಳೆಗಳೆದ್ದರೆ ನಮ್ಮ ಹಿರಿಯರು ರೋಗ ಬಂತೆಂದು ಹೇಳುತ್ತಿರಲಿಲ್ಲ. ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು ನಿಲ್ಲುತ್ತಿತ್ತು. ಸಿಡುಬು, ದಡಾರ, ಸೀತಾಳೆ ಸಿಡುಬು, ಈ ಮೂರಕ್ಕೂ ಒಂದೇ ಮಡಿ, ಒಂದೇ ಭಯ, ಒಂದೇ ಹರಕೆ. ಇವುಗಳಲ್ಲಿ ಅತಿ ಘೋರವಾದ ಸಿಡುಬು ಭೂಮಿಯಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಸೀತಾಳೆ ಸಿಡುಬು ಮಾತ್ರ ಇನ್ನೂ ಉಳಿದುಕೊಂಡಿದೆ. ನಾನು ವೈದ್ಯನಲ್ಲ, ಚರಿತ್ರೆಯ ವಿದ್ಯಾರ್ಥಿ. ಈ ರೋಗಕ್ಕೆ ಲಸಿಕೆ ದೊರೆತ ಬಗೆಯನ್ನೂ ಅದನ್ನು ಬಳಸುವಾಗ ವಹಿಸಬೇಕಾದ ಎಚ್ಚರವನ್ನೂ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಈ ರೋಗವನ್ನು ಸಿಡುಬಿನ ಸೌಮ್ಯ ರೂಪವೆಂದೇ ಪಾಶ್ಚಾತ್ಯ ವೈದ್ಯರೂ ಬಹುಕಾಲ ಭಾವಿಸಿದ್ದರು. ಎರಡೂ ಬೇರೆ ಬೇರೆ ರೋಗಗಳೆಂದು 1767ರಲ್ಲಿ ಸ್ಪಷ್ಟವಾಗಿ ವಿವರಿಸಿದವನು ಇಂಗ್ಲೆಂಡಿನ ವಿಲಿಯಂ ಹೆಬರ್ಡನ್. ಮುಂದೆ 1892ರಲ್ಲಿ ಬುಡಾಪೆಸ್ಟಿನ ವೈದ್ಯ ಬೊಕೈ ಒಂದು ವಿಚಿತ್ರವನ್ನು ಗಮನಿಸಿದ. ಮನೆಯ ಹಿರಿಯರಿಗೆ ಸರ್ಪಸುತ್ತು ಕಾಣಿಸಿಕೊಂಡ ಕೆಲವು ದಿನಗಳಲ್ಲೇ ಅಲ್ಲಿನ ಮಕ್ಕಳಿಗೆ ಸೀತಾಳೆ ಸಿಡುಬು ಏಳುತ್ತಿತ್ತು. ಸರ್ಪಸುತ್ತೆಂದರೆ ನಮ್ಮಲ್ಲಿ ನಾಗದೋಷದ ಮಾತು. ಸರ್ಪದ ತಲೆ ಬಾಲ ಕೂಡಿದರೆ ರೋಗಿ ಉಳಿಯನೆಂಬ ನಂಬಿಕೆ ಬೇರೆ. ಎರಡಕ್ಕೂ ಕಾರಣ ಒಂದೇ ವೈರಸ್ ಎಂಬುದು 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ನಡೆಸಿದ ಪ್ರಯೋಗಗಳಿಂದ ಸ್ಥಿರವಾಯಿತು. ಬಾಲ್ಯದಲ್ಲಿ ಬಂದು ಹೋದ ವೈರಸ್ ನಿಜವಾಗಿ ಹೋಗುವುದಿಲ್ಲ. ನರಗಳ ಗಂಟುಗಳಲ್ಲಿ ಅಡಗಿದ್ದು, ದೇಹದ ಕಾವಲು ಸಡಿಲವಾದಾಗ ಮೇಲೇಳುತ್ತದೆ. ಈ ವಾದವನ್ನು 1965ರಲ್ಲಿ ಮಂಡಿಸಿದವನು ದೊಡ್ಡ ವಿಜ್ಞಾನಶಾಲೆಯ ಪಂಡಿತನಲ್ಲ. ಇಂಗ್ಲೆಂಡಿನ ಸಣ್ಣ ಊರೊಂದರಲ್ಲಿ ಹದಿನಾರು ವರ್ಷ ತನ್ನ ರೋಗಿಗಳ ವಿವರಗಳನ್ನು ಬರೆದಿಟ್ಟುಕೊಂಡ ಸಾಮಾನ್ಯ ವೈದ್ಯ, ಹೋಪ್ ಸಿಂಪ್ಸನ್.

ಲಸಿಕೆಯ ಕಥೆ ಒಬ್ಬ ತಂದೆಯ ಸಂಕಟದಿಂದ ಆರಂಭವಾಗುತ್ತದೆ. ಜಪಾನಿನ ವೈರಸ್ ತಜ್ಞ ಮಿಚಿಯಾಕಿ ತಕಾಹಾಶಿ 1964ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಅವರ ಮೂರು ವರ್ಷದ ಮಗನಿಗೆ ಜೊತೆಯಲ್ಲಾಡುವ ಮಗುವಿನಿಂದ ಈ ಸೋಂಕು ತಗುಲಿತು. ಜ್ವರ ಏರಿತು, ಉಸಿರಾಟಕ್ಕೂ ಕಷ್ಟವಾಯಿತು. ತಂದೆತಾಯಿ ಹಾಸಿಗೆಯ ಪಕ್ಕದಲ್ಲೇ ರಾತ್ರಿ ಕಳೆದರು. ಮಗು ಚೇತರಿಸಿಕೊಂಡಿತು, ಆದರೆ ವೈರಸ್ಸುಗಳನ್ನು ಬಲ್ಲ ತಾನು ಕೈಕಟ್ಟಿ ಕುಳಿತಿರಬೇಕಾಯಿತಲ್ಲ ಎಂಬ ಕೊರಗು ತಂದೆಯನ್ನು ಬಿಡಲಿಲ್ಲ. 1965ರಲ್ಲಿ ಒಸಾಕಾಕ್ಕೆ ಮರಳಿದ ತಕಾಹಾಶಿ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಈ ವೈರಸ್ಸಿನ ಬೆನ್ನುಹತ್ತಿದರು.

ಅವರು ಹಿಡಿದ ದಾರಿ ಪಳಗಿಸುವ ದಾರಿ. ರೋಗ ತಗುಲಿದ್ದ, ಉಳಿದಂತೆ ಆರೋಗ್ಯವಂತನಾದ ಬಾಲಕನೊಬ್ಬನ ಗುಳ್ಳೆಯ ನೀರಿನಿಂದ ವೈರಸ್ಸನ್ನು ಪಡೆದು, ಮಾನವ ಭ್ರೂಣದ ಶ್ವಾಸಕೋಶದ ಜೀವಕೋಶಗಳಲ್ಲಿ 34 ಡಿಗ್ರಿ ಉಷ್ಣತೆಯಲ್ಲಿ 11 ಬಾರಿ, ಬಳಿಕ ಗಿನಿ ಇಲಿಯ ಭ್ರೂಣದ ಜೀವಕೋಶಗಳಲ್ಲಿ 12 ಬಾರಿ ಬೆಳೆಸಿದರು. ಹೀಗೆ ಪರಕೀಯ ನೆಲದಲ್ಲಿ ಬಾಳುವೆ ಮಾಡಿದ ವೈರಸ್ ಮನುಷ್ಯನನ್ನು ಕಾಡುವ ಕಸುವನ್ನು ಬಹುಮಟ್ಟಿಗೆ ಕಳೆದುಕೊಂಡಿತು; ದೇಹದ ಕಾವಲುಗಾರರಿಗೆ ತನ್ನ ಗುರುತು ಹಿಡಿಸುವ ಗುಣವನ್ನು ಮಾತ್ರ ಉಳಿಸಿಕೊಂಡಿತು. ಇದೇ ಜಗತ್ತು ಇಂದು ಬಲ್ಲ ‘ಓಕಾ’ ತಳಿ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ರೋಗ ಕಾಣಿಸಿಕೊಂಡಾಗ ಈ ಲಸಿಕೆ ಅದು ಹರಡದಂತೆ ತಡೆದ ಸಂಗತಿ 1974ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆದರೆ ಪಳಗಿದ ಆನೆಯೂ ಆನೆಯೇ. ಜೀವಂತ ವೈರಸ್ಸನ್ನು ಆರೋಗ್ಯವಂತ ಮಗುವಿನ ದೇಹಕ್ಕೆ ಸೇರಿಸುವುದು ಯುಕ್ತವೆ? ದಶಕಗಳ ಬಳಿಕ ಅದೇ ಸರ್ಪಸುತ್ತಾಗಿ ಮೇಲೆದ್ದರೆ? ವಿದ್ವಾಂಸರು ಎತ್ತಿದ ಈ ಪ್ರಶ್ನೆಗಳು ಹಗುರವಾದುವಲ್ಲ. ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಸೀತಾಳೆ ಸಿಡುಬು ಮಾರಕವಾಗುತ್ತಿತ್ತು. ಆದ್ದರಿಂದ ಅಂಥ ಮಕ್ಕಳಿಗೇ ಮೊದಲ ವರ್ಷಗಳಲ್ಲಿ ಬಹಳ ಎಚ್ಚರದಿಂದ ಲಸಿಕೆ ಕೊಟ್ಟು ನೋಡಲಾಯಿತು. ಅನೇಕರಿಗೆ ರಕ್ಷಣೆ ದೊರೆಯಿತು; ಹಲವರಿಗೆ ಲಸಿಕೆಯಿಂದಲೇ ಗುಳ್ಳೆಗಳೂ ಎದ್ದವು. ಸರ್ಪಸುತ್ತಿನ ಸಂಶಯಕ್ಕೆ ಉತ್ತರ ಕೊಡಲು ಕಾಲವೇ ಬೇಕಾಯಿತು. ಲಸಿಕೆಯ ವೈರಸ್ಸೂ ಒಮ್ಮೊಮ್ಮೆ ಸರ್ಪಸುತ್ತಾಗಬಲ್ಲುದು. ಆದರೆ ಲಸಿಕೆ ಪಡೆದ ಮಕ್ಕಳಲ್ಲಿ ಅದು ಪಡೆಯದವರಿಗಿಂತ ಬಹಳ ವಿರಳ.

ಅಮೆರಿಕ ಇದಕ್ಕೆ ಮನ್ನಣೆಯಿತ್ತದ್ದು 1995ರಲ್ಲಿ. ಅದಕ್ಕೆ ಮೊದಲು ಆ ದೇಶದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಜನಕ್ಕೆ ಈ ರೋಗ ತಗುಲುತ್ತಿತ್ತು. ನೂರರಿಂದ ನೂರೈವತ್ತು ಮಂದಿ ಸಾಯುತ್ತಿದ್ದರು. ಒಂದೇ ಚುಚ್ಚುಮದ್ದು ಸಾಲದೆಂದು ಕಂಡುಬಂದಾಗ 2006ರಲ್ಲಿ ಎರಡನೆಯದನ್ನು ಸೇರಿಸಿದರು. ಕಾಲು ಶತಮಾನದಲ್ಲಿ ಅಲ್ಲಿ ರೋಗ ನೂರಕ್ಕೆ ತೊಂಬತ್ತೇಳು ಪಾಲು ಇಳಿಯಿತು. ವಿಪರ್ಯಾಸವೆಂದರೆ, ಲಸಿಕೆ ಹುಟ್ಟಿದ ಜಪಾನಿನಲ್ಲೇ ಎಲ್ಲ ಮಕ್ಕಳಿಗೂ ಕೊಡುವ ವ್ಯವಸ್ಥೆ ಬಂದದ್ದು 2014ರ ಅಕ್ಟೋಬರಿನಲ್ಲಿ. ಅದನ್ನು ಕಾಣಲು ತಕಾಹಾಶಿ ಇರಲಿಲ್ಲ. 2013ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು.

ನಮ್ಮ ದೇಶದಲ್ಲಿ ಇದು ಸರ್ಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿಲ್ಲ. ಮಕ್ಕಳ ವೈದ್ಯರ ಸಲಹೆಯಂತೆ ಹಣ ತೆತ್ತು ಹಾಕಿಸುವವರು ಹಾಕಿಸುತ್ತಾರೆ. ಹಾಗೆ ಹಾಕಿಸುವವರು ಕೆಲವು ಸಂಗತಿಗಳನ್ನು ನೆನಪಿಡಬೇಕು. ಮೊದಲ ಚುಚ್ಚುಮದ್ದು ಮಗುವಿಗೆ ವರ್ಷ ತುಂಬಿದ ಮೇಲೆ. ಗರ್ಭಿಣಿಯರಿಗೂ, ರೋಗನಿರೋಧ ಶಕ್ತಿ ತೀರ ಕುಗ್ಗಿದವರಿಗೂ, ಲಸಿಕೆಯಲ್ಲಿರುವ ಜೆಲಟಿನ್ ಅಥವಾ ನಿಯೋಮೈಸಿನ್ ತೀವ್ರವಾಗಿ ಒಗ್ಗದವರಿಗೂ ಇದು ಸಲ್ಲದು. ಚುಚ್ಚುಮದ್ದಿನ ಅನಂತರ ಆರು ವಾರ ಮಗುವಿಗೆ ಆಸ್ಪಿರಿನ್ ಕೊಡಬಾರದು. ಚುಚ್ಚಿದೆಡೆ ನೋವು, ಸ್ವಲ್ಪ ಜ್ವರ, ನಾಲ್ಕಾರು ಗುಳ್ಳೆ ಕಂಡರೆ ಗಾಬರಿ ಬೇಡ. ಗುಳ್ಳೆ ಒಣಗುವವರೆಗೆ ಮಗುವನ್ನು ಗರ್ಭಿಣಿಯರಿಂದಲೂ ತೀರ ದುರ್ಬಲರಿಂದಲೂ ದೂರವಿಟ್ಟರೆ ಸಾಕು.

ದುರ್ಬಲ ಮಕ್ಕಳ ಪ್ರಾಣರಕ್ಷಣೆಗೆಂದು ಮೊದಲು ಬಳಸಿದ ಲಸಿಕೆಯನ್ನು ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವ ಮಗುವಿಗೆ ಈಗ ಸಾಮಾನ್ಯವಾಗಿ ಕೊಡುವುದಿಲ್ಲ. ಅದರ ಅಣ್ಣನಿಗೆ, ತಂಗಿಗೆ ಕೊಡುತ್ತಾರೆ. ಮನೆಯಲ್ಲಿ ಗಟ್ಟಿಮುಟ್ಟಾದ ಮಕ್ಕಳ ಸುತ್ತ ರೋಗ ಸುಳಿಯದಿದ್ದರೆ ಹಾಸಿಗೆ ಹಿಡಿದ ಮಗುವಿನ ತನಕ ಅದು ತಲುಪುವುದಿಲ್ಲ. ಬಾಗಿಲಿಗೆ ಬೇವು ಕಟ್ಟಿ ‘ಒಳಗೆ ಬರಬೇಡಿ’ ಎಂದು ಊರಿಗೆ ತಿಳಿಸಿದ ಹಿರಿಯರ ಉದ್ದೇಶವೂ ಒಬ್ಬರಿಂದ ಇನ್ನೊಬ್ಬರಿಗೆ ಕೇಡು ದಾಟದಿರಲಿ ಎಂಬುದೇ ಆಗಿತ್ತೆಂದು ನನಗನ್ನಿಸುತ್ತದೆ. ಆ ಕಾಳಜಿ ಹಳೆಯದು. ಅದಕ್ಕೆ ದೊರೆತಿರುವ ಸಾಧನವಷ್ಟೇ ಹೊಸತು.