ಮಾಡ್ಯೂಲ್ ಆಮದು ದೋಷ (ಪೈಥಾನ್ ನೋಟ್‌ಬುಕ್)

ಜುಪಿಟರ್‌ನಂಥ ನೋಟ್‌ಬುಕ್‌ನಲ್ಲಿ ಇಂಪೋರ್ಟ್ ಆಜ್ಞೆ ಕೇಳಿದ ಮಾಡ್ಯೂಲ್, ಅಥವಾ ಅದರೊಳಗಿನ ಹೆಸರು, ಸಿಗದಿದ್ದಾಗ ತೋರುವ ದೋಷ. ಮಾಡ್ಯೂಲೇ ಸಿಗದ ಸಂದರ್ಭಕ್ಕೆ ಪೈಥಾನ್ 3.6 (2016) 'ಮಾಡ್ಯೂಲ್‌ನಾಟ್‌ಫೌಂಡ್‌ಎರರ್' ಎಂಬ ಪ್ರತ್ಯೇಕ ವರ್ಗ ತಂದಿತು. ಇದು 'ಇಂಪೋರ್ಟ್‌ಎರರ್'ನ ಉಪವರ್ಗ.

ಕಾರಣ: ಒಂದೇ ಕಂಪ್ಯೂಟರಿನಲ್ಲಿ ಹಲವು ಪೈಥಾನ್‌ಗಳಿರುವುದು ಒಂದು ಸಾಮಾನ್ಯ ಕಾರಣ. ಉದಾಹರಣೆಗೆ, ಚಿಂಚೋಳಿ, ಸೇಡಂ ಭಾಗದ ತೊಗರಿ ಧಾರಣೆಯ ಪಟ್ಟಿಯನ್ನು ಪಾಂಡಾಸ್ ಎಂಬ ಮಾಡ್ಯೂಲಿನಲ್ಲಿ ತೆರೆಯಬೇಕಾದರೆ, ಟರ್ಮಿನಲ್‌ನ ಪೈಥಾನ್‌ನಲ್ಲಿ ಪಾಂಡಾಸ್ ಇದ್ದರೆ ಸಾಲದು. ನೋಟ್‌ಬುಕ್ ಓಡಿಸುವ ಕರ್ನೆಲ್‌ನ ಪೈಥಾನ್‌ನಲ್ಲೂ ಇರಬೇಕು. ಪ್ಯಾಕೇಜಿನ ಹೆಸರೂ ಆಮದಿನ ಹೆಸರೂ ಬೇರೆಯಾಗಿರುವುದುಂಟು: ಸೈಕಿಟ್-ಲರ್ನ್ ಸ್ಥಾಪಿಸಿ 'ಎಸ್‌ಕೆಲರ್ನ್' ಎಂದು, ಪಿಲ್ಲೋ ಸ್ಥಾಪಿಸಿ 'ಪಿಐಎಲ್' ಎಂದು ಕರೆಯಬೇಕು. ಬಳಕೆದಾರರು ತಮ್ಮ ಕಡತಕ್ಕೆ ಪಾಂಡಾಸ್ ಎಂದೇ ಹೆಸರಿಟ್ಟರೆ ಅದು ನಿಜವಾದ ಮಾಡ್ಯೂಲನ್ನು ಮರೆಮಾಡುತ್ತದೆ.

ಪರಿಹಾರ: 'ಸಿಸ್' ಮಾಡ್ಯೂಲಿನ 'ಎಕ್ಸಿಕ್ಯೂಟಬಲ್' ಕರ್ನೆಲ್ ಬಳಸುವ ಪೈಥಾನ್ ಯಾವುದೆಂದೂ 'ಪಾತ್' ಅದು ಹುಡುಕುವ ಫೋಲ್ಡರುಗಳಾವುವೆಂದೂ ತೋರಿಸುತ್ತವೆ. ಶೇಕಡಾ ಚಿಹ್ನೆ ಹಚ್ಚಿದ ಪಿಪ್ ಇನ್‌ಸ್ಟಾಲ್ ಆಜ್ಞೆಯನ್ನು ನೋಟ್‌ಬುಕ್ ಕೋಶದಲ್ಲೇ ಓಡಿಸಿದರೆ ಪ್ಯಾಕೇಜು ಆ ಕರ್ನೆಲ್‌ನ ಪರಿಸರಕ್ಕೇ ಸೇರುತ್ತದೆ. ಒಮ್ಮೆ ಆಮದಾದ ಮಾಡ್ಯೂಲು ಸ್ಮೃತಿಯಲ್ಲಿ ಉಳಿಯುವುದರಿಂದ, ಆವೃತ್ತಿ ಬದಲಿಸಿದ ಬಳಿಕ ಕರ್ನೆಲನ್ನು ಮರುಪ್ರಾರಂಭಿಸಬೇಕು. ವರ್ಚುವಲ್ ಪರಿಸರವನ್ನು ಕರ್ನೆಲ್ ಪಟ್ಟಿಗೆ ಸೇರಿಸಲು ಅದರಲ್ಲಿ 'ಐಪೈಕರ್ನೆಲ್' ಅಗತ್ಯ.

ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ನೋಟ್‌ಬುಕ್ ಸೇವೆಯಲ್ಲಿ ರನ್‌ಟೈಮ್ ಅಳಿದರೆ ಸ್ಥಾಪಿಸಿದ ಪ್ಯಾಕೇಜುಗಳೂ ಅಳಿಯುತ್ತವೆ. ಆದ್ದರಿಂದ ಸ್ಥಾಪನೆಯ ಆಜ್ಞೆಯನ್ನು ನೋಟ್‌ಬುಕ್‌ನ ಮೊದಲ ಕೋಶದಲ್ಲಿ ಇಡುವುದು ರೂಢಿ.